ನಗಿಸುವ ಚಪ್ಪಲಿ

ಮುಂದಿನ ಸಾಲಿನವನು ಆಗಲೇ ನಗತೊಡಗಿದ್ದಾನೆ, ಪರದೆಯ ಮೇಲೆ ಇನ್ನೂ ಯಾರೂ ಬಂದಿಲ್ಲ, ಒಂದು ಉದ್ದನೆಯ ಕಾರಿಡಾರು, ಮಿಟುಕುವ ಟ್ಯೂಬ್‌ಲೈಟು, ಮುಚ್ಚಿದ ಒಂದು ಬಾಗಿಲು, ಇಷ್ಟಕ್ಕೇ ಅವನ ಭುಜ ಕುಣಿಯುತ್ತಿದೆ, ಮಡಿಲಲ್ಲಿಟ್ಟುಕೊಂಡ ಪಾಪ್‌ಕಾರ್ನ್ ಡಬ್ಬ ಹೊಟ್ಟೆಯ ಜೊತೆಗೇ ಏರಿ ಇಳಿಯುತ್ತಿದೆ — ಎಲ್ಲಿ ನಗಬೇಕು ಅಂತ ಓದಿಕೊಂಡೇ ಬಂದಿದ್ದಾನೆ ಪುಣ್ಯಾತ್ಮ, ಪೇಪರಿನಲ್ಲಿ ಬಂದಿತ್ತಲ್ಲ, ಚಪ್ಪಲಿಯ ಸದ್ದು ಕೇಳಿದ ತಕ್ಷಣ ಹೊಟ್ಟೆ ಹಿಡಿದುಕೊಳ್ಳಲು ತಯಾರಾಗಿ ಅಂತ — ಇಗೋ ಬಂತು, ಬಾಗಿಲ ಹಿಂದಿನಿಂದ, ಮೊದಲು ಬಲಗಾಲು, ಟಪ್, ಆಮೇಲೆ ನೆಲ ಸವರಿಕೊಂಡು ಬರುವ ಎಡಗಾಲು, ಸರ್ರಕ್, ಟಪ್, ಸರ್ರಕ್, ಇಡೀ ಹಾಲ್ ಹೋ ಎಂದಿತು, ಹಿಂದೆ ಯಾರೋ ಶಿಳ್ಳೆ ಹಾಕಿದರು, ಮತ್ತು ಪಕ್ಕದ ಸೀಟಿನಲ್ಲಿ ಅಮ್ಮ, ನಡುದಾರಿಯ ಕಡೆಗೆ ಚಾಚಿಕೊಂಡಿದ್ದ ಎರಡೂ ಕಾಲನ್ನು ಮೆಲ್ಲಗೆ ಮಡಚಿ ಸೀಟಿನ ಕೆಳಗೆ ಎಳೆದುಕೊಂಡಳು. ಯಾರಿಗೋ ದಾರಿ ಬಿಡುವವಳ ಹಾಗೆ. ನಡುದಾರಿಯಲ್ಲಿ ಯಾರೂ ಇಲ್ಲ, ಕಾಲಡಿಯ ಪುಟ್ಟ ದೀಪಗಳು ಉರಿಯುತ್ತಿವೆ ಅಷ್ಟೇ, ಅಮ್ಮನಿಗೆ ಅವೂ ಕಾಣಿಸುವುದಿಲ್ಲ, ಕಣ್ಣು ಮಂಜಾಗಿ ಎಷ್ಟೋ ವರ್ಷವಾಯಿತು, ಬೆಳಕು ಯಾವ ಕಡೆಗಿದೆ ಅಂತ ತಿಳಿದರೆ ಅದೇ ದೊಡ್ಡದು. ಹೋದ ವಾರವೂ ಹೀಗೇ ಮಡಚಿಕೊಂಡಿದ್ದಳು, ಪ್ರತಿ ಸಲವೂ, ಆವತ್ತು ಮಗಳು ಇವಳು ಅದನ್ನು ನೋಡಿ ಕುರ್ಚಿಗೆ ಅಂಟಿಕೊಂಡುಬಿಟ್ಟಿದ್ದಳು, ಇವತ್ತು ಮತ್ತೆ ಅದೇ ಸಿನಿಮಾ, ಅದೇ ಸದ್ದು, ಮತ್ತು ಕರೆದುಕೊಂಡು ಹೋಗು ಅಂತ ಕೇಳಿದವಳು ಅಮ್ಮನೇ, ಯಾಕೆ ಅಂತ ಮಾತ್ರ ಬಾಯಿ ಬಿಟ್ಟಿಲ್ಲ.

ಪರದೆಯ ಮೇಲಿನ ತಾತನನ್ನು ಈಗ ಕೊಲ್ಲುತ್ತಾರೆ, ಇದು ಮೊದಲನೆಯದು, ಕಟ್ಟಡದ ನಿವಾಸಿಗಳ ಸಂಘ ಸಭೆ ಸೇರಿದೆ, ತಾತನ ಕೋಣೆ ಖಾಲಿಯಾದರೆ ಅಲ್ಲಿ ವ್ಯಾಯಾಮದ ಯಂತ್ರಗಳನ್ನು ಇಡಬಹುದು, ಚಹಾ ಬಂತು, ಬಿಸ್ಕತ್ತು ಬಂತು, ಒಪ್ಪಿಗೆ ಇರುವವರು ಕೈ ಎತ್ತಿ, ಎಲ್ಲರೂ ಎತ್ತಿದರು, ತಾತನೂ ಎತ್ತಿದ, ಪಾಪ ಅವನಿಗೆ ಕಿವಿ ಮಂದ, ಅವನನ್ನು ಎತ್ತಿಕೊಂಡು ಹೋಗಿ ನೀರಿನ ಟ್ಯಾಂಕಿಗೆ ಹಾಕಿದರು, ಗುಳಕ್ — ಆ ಗುಳಕ್ ಕೂಡ ಇವಳದೇ, ಮಗುವಿಗೆ ಸ್ನಾನ ಮಾಡಿಸುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೊಣಕೈ ಮುಳುಗಿಸಿ ಮಾಡಿದ್ದು — ಮರುದಿನ ಬೆಳಿಗ್ಗೆ ತಾತ ಬಾಗಿಲು ತೆಗೆದುಕೊಂಡು ಒದ್ದೆ ಅಂಗಿಯಲ್ಲೇ ಬಂದು ಕೇಳುತ್ತಾನೆ, ಇವತ್ತಿನ ಪೇಪರ್ ಬಂತಾ. ಹಾಲ್ ಬಿದ್ದು ಬಿದ್ದು ನಗುತ್ತದೆ. ಇಡೀ ಸಿನಿಮಾ ಇಷ್ಟೇ, ಕೊಲ್ಲುತ್ತಾರೆ, ಬರುತ್ತಾನೆ, ಪೇಪರ್ ಕೇಳುತ್ತಾನೆ, ಮತ್ತೆ ಸಭೆ, ಮತ್ತೆ ಚಹಾ, ಗರಗಸ, ಲಿಫ್ಟಿನ ಬಾಗಿಲು, ಹುಟ್ಟುಹಬ್ಬದ ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಡುವುದು, ರಕ್ತ ಮಾತ್ರ ಬಕೆಟ್ಟುಗಟ್ಟಲೆ. ಇದನ್ನು ಬರೆದವನ ತಲೆಯಲ್ಲಿ ಏನಿದೆಯೋ, ಇದಕ್ಕೆ ಸದ್ದು ಮಾಡಿದವಳ ತಲೆಯಲ್ಲಾದರೂ ಏನಿತ್ತು ಅಂತ ಯಾರಾದರೂ ಕೇಳಬಾರದೇ, ಕೇಳಲಿಕ್ಕೆ ಇವಳು ಇದ್ದಾಳೆ ಅಂತ ಗೊತ್ತಿರಬೇಕಲ್ಲ, ಇವಳ ಹೆಸರು ಬರುವಷ್ಟರಲ್ಲಿ ಜನ ಪಾರ್ಕಿಂಗಿನಲ್ಲಿ ಗಾಡಿ ತೆಗೆಯುತ್ತಿರುತ್ತಾರೆ.

ಸದ್ದಕ್ಕ, ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಹಾಗೇ, ಸದ್ದಕ್ಕ ಬಂದಳು, ಸದ್ದಕ್ಕನಿಗೆ ಎಲೆಕೋಸು ತರಿಸಿ, ಇವತ್ತು ಚೂರಿ ಹಾಕೋ ಸೀನ್ ಇದೆ. ನಟರ ಹೆಜ್ಜೆ, ಬಟ್ಟೆಯ ಸರಸರ, ಲೋಟ ಇಟ್ಟ ಸದ್ದು, ಕಪಾಳಕ್ಕೆ ಬಿದ್ದ ಏಟು, ಎಲ್ಲವನ್ನೂ ಆಮೇಲೆ ಕತ್ತಲ ಕೋಣೆಯಲ್ಲಿ ಪರದೆ ನೋಡಿಕೊಂಡು ಇವಳೇ ಮಾಡಬೇಕು, ಚಿತ್ರೀಕರಣದ ಹೊತ್ತಿನ ಹೆಜ್ಜೆ ಯಾರಿಗೂ ಬೇಡ, ಅದು ಹೆಜ್ಜೆಯ ಹಾಗೆ ಕೇಳಿಸುವುದೇ ಇಲ್ಲ. ಮಗಳು ಏನು ಕೆಲಸ ಮಾಡ್ತಾಳೆ ಅಂತ ಪಕ್ಕದ ಮನೆಯವರು ಕೇಳಿದರೆ ಅಮ್ಮ, ಅದೇನೋ ಸಿನಿಮಾದಲ್ಲಿ ಓಡಾಡ್ತಾಳೆ ಅನ್ನುತ್ತಿದ್ದಳು, ಅಯ್ಯೋ ಹೌದಾ ಯಾವ ಪಾತ್ರ, ಪಾತ್ರ ಗೀತ್ರ ಏನಿಲ್ಲ ಬರೀ ಓಡಾಡ್ತಾಳೆ. ಅಪ್ಪ ಮಾತ್ರ ಹೆಮ್ಮೆ ಪಡುತ್ತಿದ್ದ, ನಾನು ಜೀವಮಾನ ಪೂರ್ತಿ ಊರಿನ ಮಕ್ಕಳನ್ನೆಲ್ಲ ನಡೆಸಿದೆ, ನನ್ನ ಮಗಳು ಹೀರೋಗಳನ್ನೆಲ್ಲ ನಡೆಸ್ತಾಳೆ, ಮನೆತನದ ಕಸುಬು — ಡ್ರಿಲ್ ಮೇಷ್ಟ್ರು ಅಪ್ಪ, ಕೊರಳಿಗೆ ಸೀಟಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಅವನು ಬೀದಿಯ ತುದಿಯಲ್ಲಿ ಬರುತ್ತಿದ್ದರೆ ಮನೆಯೊಳಗೆ ಗೊತ್ತಾಗುತ್ತಿತ್ತು, ಟಕ್ ಟಕ್ ಟಕ್ ಟಕ್, ಗಡಿಯಾರ ಬೇಕಾದರೆ ತಪ್ಪೀತು, ಎದ್ದು ಪುಸ್ತಕ ಹಿಡಿಯಲು ಇವಳಿಗೆ ಸರಿಯಾಗಿ ಹೊತ್ತು ಸಿಗುತ್ತಿತ್ತು. ಆ ಕಾಲೇ ಕೈಕೊಟ್ಟಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನ ಬಾಯಿ ಸೊಟ್ಟಗಾಯಿತು, ಆಸ್ಪತ್ರೆಯಿಂದ ಬಂದಾಗ ಎಡಗಾಲು ಬೇರೆ ಯಾರದ್ದೋ ಆಗಿತ್ತು, ಎತ್ತಿದರೆ ಏಳದು, ಎಳೆದರೆ ಬರುತ್ತದೆ, ಟಪ್ ಸರ್ರಕ್, ಟಪ್ ಸರ್ರಕ್, ಇವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು, ಅಪ್ಪ ಮಾತ್ರ, ಎಡ ರಜೆ ಹಾಕಿದೆ ಕಣೇ, ಬಲ ಓವರ್‌ಟೈಮ್ ಮಾಡ್ತಿದೆ ಅಂತ.

ಎರಡನೆಯ ಸಲ, ಬಂತು, ಟಪ್, ಸರ್ರಕ್, ಹಾಲ್ ಹೋ, ಅಮ್ಮನ ಕಾಲು ಒಳಗೆ. ಮನೆಯಲ್ಲೂ ಹೀಗೇ, ಕೋಣೆಯಿಂದ ಬಚ್ಚಲಿಗೆ ಹೋಗುವ ಸಂದಿಯಲ್ಲಿ ಒಂದೇ ಕಿಟಕಿ, ಅಮ್ಮನ ಕುರ್ಚಿ ಅದರ ಕೆಳಗೆ, ಬೆಳಕಾದರೂ ಮುಖಕ್ಕೆ ಬೀಳಲಿ ಅಂತ ಅವಳು ಅಲ್ಲೇ ಕೂರುತ್ತಾಳೆ, ಮಂಡಿ ನೋವಿಗೆ ಕಾಲು ನೀಡಿಕೊಂಡು, ನೀಡಿದ ಕಾಲು ಎದುರಿನ ಗೋಡೆಗೆ ತಾಗುವಷ್ಟು ಸಂದಿ ಇಕ್ಕಟ್ಟು, ಅಪ್ಪನ ಚಪ್ಪಲಿ ಕೋಣೆಯ ಹೊಸ್ತಿಲಲ್ಲಿ ಸರ್ರಕ್ ಎನ್ನುತ್ತಿದ್ದ ಹಾಗೇ ಅಮ್ಮ ಕಾಲು ಮಡಚುತ್ತಿದ್ದಳು. ದಾರಿ ಬಿಡು ಮಹಾರಾಣಿ, ಮೆರವಣಿಗೆ ಬರ್ತಾ ಇದೆ. ಬರಲಿ ಬರಲಿ, ನಿಮ್ಮ ಮೆರವಣಿಗೆಗೆ ನನ್ನ ಕಾಲೇ ಅಡ್ಡ ಬರೋದಾ ರೀ. ದಿನಕ್ಕೆ ಎಷ್ಟು ಸಲವೋ, ಅದೇ ಮಾತು, ಅದೇ ಉತ್ತರ, ಹೊರಗಿನವರು ಕೇಳಿದರೆ ಇವರಿಗೆ ಬೇರೆ ಮಾತೇ ಇಲ್ಲವೇ ಅನ್ನಬೇಕು. ನಿಜವಾಗಿಯೂ ಬೇರೆ ಮಾತು ಕಡಿಮೆಯೇ ಇತ್ತು. ಪ್ರೀತಿ ಗೀತಿ ಅಂತ ಆ ಇಬ್ಬರ ಬಾಯಲ್ಲಿ ಇವಳು ಹುಟ್ಟಿದ ಮೇಲೆ ಕೇಳಿದ್ದಿಲ್ಲ, ಕಾಲು ಮಡಚುವುದು, ದಾಟಿ ಹೋಗುವುದು, ವಾಪಸು ಬರುವಾಗ ಮತ್ತೆ ಮಡಚುವುದು, ಇಷ್ಟರಲ್ಲೇ ಅವರ ಸಂಸಾರ ನಡೆದುಹೋಯಿತು.

ಗರಗಸದ ಸೀನು, ಇದನ್ನು ನೋಡುವುದು ಬೇಡ, ಅಮ್ಮನ ಮುಖ ನೋಡುತ್ತಾಳೆ, ಪರದೆಯ ಕೆಂಪು ಅವಳ ಕೆನ್ನೆಯ ಮೇಲೆ ಓಡಾಡುತ್ತಿದೆ, ಅಮ್ಮ ಪ್ರವಚನ ಕೇಳುವವಳ ಹಾಗೆ ಗಲ್ಲ ಎತ್ತಿ ಕೂತಿದ್ದಾಳೆ. ಏನಮ್ಮಾ, ಹೊರಗೆ ಹೋಗೋಣವಾ. ಸುಮ್ನಿರು, ಕೇಳ್ತಾ ಇದೀನಿ. ಏನನ್ನು ಕೇಳುತ್ತಿದ್ದಾಳೆ, ಮೂಳೆ ಕೊರೆಯುವ ಸದ್ದನ್ನೇ, ಅದು ಕುಂಬಳಕಾಯಿ ಅಮ್ಮಾ, ಎಲ್ಲ ಸುಳ್ಳು, ಮೂಳೆಯೂ ಸುಳ್ಳು ರಕ್ತವೂ ಸುಳ್ಳು, ಇಡೀ ಸಿನಿಮಾದಲ್ಲಿ ಒಂದೇ ಒಂದು ನಿಜ — ಅದನ್ನು ಹೇಳಲು ಬಾಯಿ ಬರುವುದಿಲ್ಲ. ನಿರ್ದೇಶಕ ಪೀಡಿಸಿದ್ದ, ಅಕ್ಕಾ ತಾತನ ನಡಿಗೆಗೆ ಜೀವ ಬಂದಿಲ್ಲ, ಅವನು ಸಾಯೋನು ಸರಿ, ನಡೆಯುವಾಗಲೇ ಸತ್ತಿದ್ದರೆ ಹೇಗೆ. ಇವಳ ಮರದ ಪೆಟ್ಟಿಗೆಯಲ್ಲಿ ಚಪ್ಪಲಿಗೆ ಬರವೇ, ರಬ್ಬರಿನದು, ತೊಗಲಿನದು, ಬೂಟು, ಹೈ ಹೀಲ್ಸು, ಒಂಟಿ ಕಾಲಿನದು, ಎಲ್ಲವನ್ನೂ ಹಾಕಿ ಕಾಲು ಎಳೆದದ್ದಾಯಿತು, ಕುಂಟುವವರನ್ನು ಅಣಕಿಸಿದ ಹಾಗೆ ಕೇಳುತ್ತಿತ್ತೇ ಹೊರತು ಕುಂಟುವವರ ಹಾಗೆ ಅಲ್ಲ. ಕೊನೆಗೆ ಮನೆಯ ಚಪ್ಪಲಿ ಗೂಡಿನ ಕೆಳಸಾಲಿನಿಂದ ಅಪ್ಪನದನ್ನು ತೆಗೆದಳು, ಎಡಗಾಲಿನದರ ಹೊರ ಅಂಚು ಸವೆದು ಕಾಗದವಾಗಿತ್ತು, ಹೆಬ್ಬೆರಳ ಜಾಗದಲ್ಲಿ ಕಪ್ಪಗೆ ಗುಳಿ, ಚೀಲದಲ್ಲಿ ಹಾಕುವಾಗ ಅಮ್ಮ ಕುರ್ಚಿಯಲ್ಲೇ ತಿರುಗಿ, ಏನು ತಗೊಂಡೆ ಅಂದಳು, ಏನಿಲ್ಲಮ್ಮ, ಛತ್ರಿ. ದೊಡ್ಡದಾಗುತ್ತಿತ್ತು, ಹಿಮ್ಮಡಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡಳು, ಗಾರೆ ಚಪ್ಪಡಿಯ ಮೇಲೆ ನಿಂತಳು, ದೀಪ ಆರಿತು, ಒಂದು ಹೆಜ್ಜೆ, ಎರಡು ಹೆಜ್ಜೆ, ಬೆನ್ನು ತಾನಾಗಿ ಬಾಗಿತು, ಬಲ ಭುಜ ತಾನಾಗಿ ಮೇಲೆ ಹೋಯಿತು, ಇವಳು ಮಾಡಿದ್ದಲ್ಲ, ಚಪ್ಪಲಿ ಮಾಡಿಸಿದ್ದು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ಬಾಗಿಲ ಕಡೆ ನೋಡಿದ. ಯಾರೋ ಒಳಗೆ ಬಂದಂಗಾಯ್ತಲ್ಲ ಸದ್ದಕ್ಕ. ಯಾರೂ ಇಲ್ಲ ಕಣೋ, ನಾನೇ. ಹಾಗೆ ಅಂದು ಎದುರಿನ ಪರದೆಯನ್ನು ನೋಡಿದಳು, ಅಲ್ಲಿ ಯಾವನೋ ನಟ, ಮನೆಗೆ ಹೋಗಿ ಬ್ಯಾಡ್ಮಿಂಟನ್ ಆಡುವಂಥ ಗಟ್ಟಿಮುಟ್ಟಾದ ನಟ, ಇವಳ ಅಪ್ಪನ ಹೆಜ್ಜೆಯಲ್ಲಿ ನಡೆಯುತ್ತಿದ್ದ, ಇವಳಿಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಆವತ್ತು ಎದೆ ತುಂಬಿ ಬಂದಿತ್ತು, ಇನ್ನು ಈ ಹೆಜ್ಜೆ ಎಲ್ಲೂ ಹೋಗುವುದಿಲ್ಲ, ನೂರು ಊರಿನ ಥಿಯೇಟರಿನಲ್ಲಿ ಅಪ್ಪ ಓಡಾಡುತ್ತಾನೆ, ಮತ್ತು ಆಗಲೇ ತಲೆಗೆ ಬಂತು, ಅಮ್ಮನಿಗೆ ಕೇಳಿಸಬೇಕು. ಅಮ್ಮನಿಗೆ ಕೊಡಲು ಇವಳ ಹತ್ತಿರ ಏನಿತ್ತು ಇಷ್ಟು ವರ್ಷ, ಸೀರೆಯ ಬಣ್ಣ ಕಾಣದು, ಫೋಟೋ ಕಾಣದು, ಇದೊಂದನ್ನು ಕೊಡಬಹುದು, ಹೇಳದೆ ಕೇಳದೆ ಕೂರಿಸಿ, ಇದ್ದಕ್ಕಿದ್ದ ಹಾಗೆ, ನೋಡು ಯಾರು ಬಂದರು ಅಂತ.

ಯಾರು ಬಂದರು ಅಂತ! ಪತ್ರಿಕೆಯವರಿಗೆ ಅಂತ ಇಟ್ಟಿದ್ದ ಬೆಳಗಿನ ಪ್ರದರ್ಶನ, ಇವಳಿಗೂ ಎರಡು ಪಾಸ್ ಬಂದಿತ್ತು, ಅಮ್ಮನಿಗೆ ಒಳ್ಳೆಯ ಸೀರೆ ಉಡಿಸಿ, ಜಡೆ ಹಾಕಿ, ಕೈ ಹಿಡಿದು ಕರೆದುಕೊಂಡು ಹೋಗಿ ವಿಮರ್ಶಕರ ಮಧ್ಯದಲ್ಲಿ ಕೂರಿಸಿದಳು, ಮೊದಲೇ ನಿರ್ಧರಿಸಿದ್ದಳು, ತಾತ ಮೊದಲ ಸಲ ಬಾಗಿಲು ತೆರೆದು ನಡೆಯುವಾಗ ಅಮ್ಮನ ಕೈ ಅದುಮಬೇಕು. ಆದರೆ ಸದ್ದು ಅಲ್ಲಿ ಬರಲಿಲ್ಲ, ಮೊದಲೇ ಬಂದುಬಿಟ್ಟಿತು. ಇವಳು ಹೆಜ್ಜೆಯನ್ನು ಕಾಲಿಗೆ ಸರಿಯಾಗಿ ಕೂರಿಸಿ ಕೊಟ್ಟಿದ್ದಳು, ಕಾಲು ಕಂಡಾಗ ಹೆಜ್ಜೆ, ಅದೇ ಇವಳ ಧರ್ಮ, ಸದ್ದುಗಳನ್ನೆಲ್ಲ ಕೂಡಿಸುವ ಮಿಕ್ಸಿಂಗಿನಲ್ಲಿ ಸಿನಿಮಾದವರು ಅದನ್ನು ಎಳೆದು ಮುಂದಕ್ಕೆ ಹಾಕಿದ್ದರು, ಮೊದಲು ಖಾಲಿ ಕಾರಿಡಾರು, ಹೆಜ್ಜೆ, ಹೆಜ್ಜೆ, ಹೆಜ್ಜೆ, ಆಮೇಲೆ ತಾತ — ಅಷ್ಟೇ ಬದಲಾವಣೆ, ಅಷ್ಟರಿಂದಲೇ ಅದು ನಗೆಯಾಗಿಬಿಟ್ಟಿತು, ಅಪ್ಪನ ಕಾಲು ಎಲ್ಲರನ್ನೂ ಕಚಗುಳಿ ಇಟ್ಟು ಕಾಯಿಸುವ ಸಾಧನವಾಯಿತು, ಎರಡನೆಯ ಸಾವಿನ ಹೊತ್ತಿಗೆ ಹಾಲ್ ಸದ್ದಿಗೇ ನಗುತ್ತಿತ್ತು, ಮೂರನೆಯದಕ್ಕೆ ಸದ್ದು ಬರುವ ಮೊದಲೇ, ದಪ್ಪ ಕನ್ನಡಕದ ವಿಮರ್ಶಕರು ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅಂಥ ದೊಡ್ಡ ಮನುಷ್ಯರು, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಕೈ ಅದುಮುವುದಿರಲಿ, ಅಮ್ಮನ ಕೈ ಹುಡುಕಲೂ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿದಳು, ತಗ್ಗಿಸಿದ್ದಕ್ಕೇ ಕಂಡಿತು, ಅಮ್ಮನ ಕಾಲು, ಬಿರುಕು ಬಿಟ್ಟ ಹಿಮ್ಮಡಿ, ಸದ್ದು ಬಂದೊಡನೆ ಒಳಗೆ ಸರಿಯುವುದು, ಸದ್ದು ದಾಟಿ ಹೋದ ಮೇಲೆ ಮತ್ತೆ ಮೆಲ್ಲಗೆ ಹೊರಗೆ. ಸುತ್ತ ಜನ ಸೀಟು ಬಡಿದು ನಗುತ್ತಿದ್ದಾರೆ, ಇವಳು ಒಬ್ಬಳೇ ನೆಲ ನೋಡುತ್ತ ಕೂತಿದ್ದಾಳೆ, ಒಳಗೆ, ಹೊರಗೆ, ಒಳಗೆ, ಹೊರಗೆ.

ಬಸ್ಸಿನಲ್ಲಿ ಅಮ್ಮ ಸೀಟಿನ ಕಂಬಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಳು, ಮನೆಯ ಮೆಟ್ಟಿಲು ಹತ್ತುವಾಗ, ಜನ ತುಂಬ ನಕ್ಕರು ಅಲ್ವಾ ಅಂದಳು, ಹೂಂ ಅಮ್ಮ, ಅಷ್ಟೇ, ಆಮೇಲೆ ಅಡುಗೆ, ಊಟ, ಮಾತ್ರೆ. ಕೇಳಬೇಕಿತ್ತು, ಅಮ್ಮಾ ಗೊತ್ತಾಯ್ತಾ ನಿಂಗೆ ಅಂತ, ಹೇಗೆ ಕೇಳುವುದು, ಗೊತ್ತಾಗಿದ್ದರೆ — ಗಂಡನ ಕುಂಟುಗಾಲನ್ನು ಮಗಳು ಸಂತೆಯಲ್ಲಿ ಇಟ್ಟು ನಗಿಸಿದಳು ಅಂತ ಗೊತ್ತಾಗಿದ್ದರೆ, ಗೊತ್ತಾಗಿಲ್ಲದಿದ್ದರೆ ನಾನೇ ಯಾಕೆ ಹೇಳಲಿ, ಆದರೆ ಗೊತ್ತಾಗದೆ ಕಾಲು ಯಾಕೆ ಮಡಚುತ್ತಾಳೆ, ಕಾಲಿಗೆ ಗೊತ್ತಾಗಿ ತಲೆಗೆ ಗೊತ್ತಾಗದಿರಬಹುದೇ, ವಯಸ್ಸಾದವರ ಕಾಲಲ್ಲವೇ, ಹೀಗೆ ಒಂದು ವಾರ ತಲೆ ಕೆಟ್ಟು ಕೆರ ಹಿಡಿಯಿತು. ಮೇಲಿಂದ ವಿಮರ್ಶೆಗಳು, ದಿನಾ ಬೆಳಿಗ್ಗೆ ಅಮ್ಮನಿಗೆ ಪೇಪರ್ ಓದಿ ಹೇಳುವುದು ಇವಳ ಕೆಲಸ, ನಿನ್ನ ಸಿನಿಮಾದ್ದು ಏನು ಹಾಕಿದಾರೆ ಓದು. ದಪ್ಪ ಕನ್ನಡಕದವರು ಬರೆದಿದ್ದರು, ನಮ್ಮ ಕಾಲದ ಕ್ರೌರ್ಯಕ್ಕೆ ಹಿಡಿದ ಕನ್ನಡಿ, ಸಾವನ್ನೇ ಅಣಕಿಸುವ ಈ ಚಿತ್ರದ ನಿಜವಾದ ನಾಯಕ ಒಂದು ಜೊತೆ ಚಪ್ಪಲಿ, ಆ ಸದ್ದು ಕೇಳಿದರೆ ಸಾಕು — ಇವಳು ಅಲ್ಲಿಗೆ ನಿಲ್ಲಿಸಿ, ಕ್ಯಾಮೆರಾ ಚೆನ್ನಾಗಿದೆಯಂತಮ್ಮ ಅಂದಳು. ನಕ್ಷತ್ರ ಹಂಚುವ ಇನ್ನೊಬ್ಬ, ಒಂದೂವರೆ ನಕ್ಷತ್ರ ಕೊಟ್ಟು, ಇದು ಸಿನಿಮಾ ಅಲ್ಲ ಕಸಾಯಿಖಾನೆ, ಮನೆಮಂದಿ ಕೂತು ನೋಡುವಂತಿಲ್ಲ, ಚಪ್ಪಲಿಯ ಹಾಸ್ಯ ಮಾತ್ರ ಪರವಾಗಿಲ್ಲ ಅಂದಿದ್ದ. ಫೋನಿನಲ್ಲಿ ಒಬ್ಬಳು ಕೆಂಪು ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಮಾತಾಡಿ ಕೊನೆಗೆ ತಾನೇ ಎದ್ದು ಕಾಲೆಳೆದು ನಡೆದು ತೋರಿಸಿದಳು, ಲಕ್ಷ ಜನ ನೋಡಿದ್ದರು, ಕೆಳಗೆಲ್ಲ ನಗುವ ಮುಖಗಳು. ಒಬ್ಬರೇ ಒಬ್ಬರು, ವಾರಪತ್ರಿಕೆಯ ಹೆಂಗಸು, ಸಿಟ್ಟು ಮಾಡಿಕೊಂಡಿದ್ದರು, ಲಕ್ವ ಹೊಡೆದ ಮುದುಕನ ಕಾಲೆಳೆತಕ್ಕೆ ನಗುವುದನ್ನು ಕಲೆ ಅಂತ ಕರೆಯುವವರ ಮನೆಯಲ್ಲಿ ಮುದುಕರಿಲ್ಲವೇ, ಆ ಸದ್ದನ್ನು ಕಲ್ಪಿಸಿಕೊಂಡವರಿಗೆ ಹೃದಯ ಇದ್ದೀತೇ — ಇದ್ದೀತೇ! ಅದನ್ನು ಓದಿ ಇವಳಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಅದರ ಹಿಂದೆಯೇ ಅವರ ಮನೆಗೆ ಹೋಗಿ ಜಗಳ ಆಡಬೇಕು ಅನ್ನಿಸಿತು, ಕಲ್ಪಿಸಿಕೊಂಡದ್ದಲ್ಲ ತಾಯೀ, ಆ ಕಾಲಿಗೆ ಎಣ್ಣೆ ಹಚ್ಚಿದವಳು ನಾನು. ನಿಲ್ಲಿಸಿದ್ಯಾಕೆ, ಓದು, ಅಂದಳು ಅಮ್ಮ. ಇನ್ನೇನಿಲ್ಲಮ್ಮ, ಜಾಹೀರಾತು. ನೀನು ಸಣ್ಣೋಳಿದ್ದಾಗಲೂ ಹೀಗೇ, ಮಾರ್ಕ್ಸ್ ಕಾರ್ಡ್ ಓದುವಾಗ ಮಧ್ಯೆ ಮಧ್ಯೆ ಹಾರಿಸ್ತಿದ್ದೆ. ಮಂಡಿ ನೀವಿಕೊಳ್ಳುತ್ತ, ಪುಟ್ಟೀ, ಆ ಸಿನಿಮಾ ಇನ್ನೂ ಇದೆಯಾ, ಇದ್ದರೆ ಇನ್ನೊಂದ್ಸಲ ಕರ್ಕೊಂಡ್ ಹೋಗು. ಯಾಕಮ್ಮಾ. ಯಾಕೆ ಅಂದ್ರೆ, ಕರ್ಕೊಂಡ್ ಹೋಗು ಅಂದ್ರೆ ಕರ್ಕೊಂಡ್ ಹೋಗು.

ಲಿಫ್ಟಿನ ಬಾಗಿಲ ಸಾವೂ ಆಯಿತು, ಹಾಲ್ ಅರ್ಧ ತುಂಬಿದೆ, ಮಧ್ಯಾಹ್ನದ ಆಟಕ್ಕೆ ಇಷ್ಟು ಜನ ಬಂದರೆ ಸಿನಿಮಾ ಗೆದ್ದ ಹಾಗೆ, ಟಪ್ ಸರ್ರಕ್, ಕಾಲು ಒಳಗೆ, ಮುಂದಿನವನ ಪಾಪ್‌ಕಾರ್ನು ಚೆಲ್ಲಿತು. ಅಪ್ಪ ಇದ್ದಿದ್ದರೆ ನಗುತ್ತಿದ್ದ, ಅದನ್ನೂ ಹೇಳಿಬಿಡಬೇಕು, ಅಪ್ಪನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ನೋಡೇ ನನ್ನ ಎಡಗಾಲು ಹೀರೋ ಆಗಿಬಿಟ್ಟಿತು, ಬಲಗಾಲಿಗೆ ಹೊಟ್ಟೆಕಿಚ್ಚು ಅನ್ನುತ್ತಿದ್ದ, ಬೀದಿಯ ಮಕ್ಕಳು ಅವನ ಹಿಂದೆ ಕಾಲೆಳೆದುಕೊಂಡು ಸಾಲಾಗಿ ನಡೆದರೆ ಬೈಯುತ್ತಿರಲಿಲ್ಲ, ಸಾಲು ನೆಟ್ಟಗಿಲ್ಲ ಕಣ್ರೋ ಅಂತ ತಿದ್ದುತ್ತಿದ್ದ. ಅವನು ನಗುತ್ತಿದ್ದ ಅಂತ ಇವಳಿಗೆ ಸಮಾಧಾನ ಆಗಬೇಕು, ಆಗುತ್ತಿಲ್ಲ, ಅವನು ಜೊತೆಗೆ ನಗುವುದಕ್ಕೆ ಇಲ್ಲವಲ್ಲ, ಅವನಿಲ್ಲದೆ ಅವನ ಕಾಲು ಮಾತ್ರ ನಗಿಸುತ್ತಿದ್ದರೆ ಅದು ಬೇರೆ. ಅಪ್ಪ ತೀರಿಕೊಂಡ ಆ ಮಧ್ಯಾಹ್ನ ಇವಳು ಸ್ಟುಡಿಯೋದಲ್ಲಿ ಒದ್ದೆ ಟವೆಲನ್ನು ಮೇಜಿಗೆ ಬಡಿಯುತ್ತಿದ್ದಳು, ಯಾವುದೋ ಹೊಡೆದಾಟ, ಫೋನು ಹೊರಗಿತ್ತು, ಒಳಗೆ ತರುವಂತಿಲ್ಲ, ಮನೆಯಲ್ಲಿ ಅಪ್ಪ ಮಲಗಿದ್ದವನು ಎದ್ದು ಚಪ್ಪಲಿ ಹಾಕಿಕೊಂಡು ಬಂದನಂತೆ, ಟಪ್ ಸರ್ರಕ್, ಅಮ್ಮ ಬಚ್ಚಲಿಗೇ ಇರಬೇಕು ಅಂದುಕೊಂಡು ಕಾಲು ಮಡಚಿದಳಂತೆ, ದಾರಿ ಬಿಡು ಮಹಾರಾಣಿ ಅಂತ ಮಾತ್ರ ಅನ್ನಲಿಲ್ಲವಂತೆ, ಸುಮ್ಮನೆ ದಾಟಿದ, ಬಚ್ಚಲು ದಾಟಿದ, ಮುಂಬಾಗಿಲು ತೆಗೆದ, ಎಲ್ಲಿಗೆ ರೀ ಅಂದಳಂತೆ, ಹೊರಗಿನ ಮೆಟ್ಟಿಲ ಮೇಲೆ ಏನೋ ಬಿದ್ದ ಸದ್ದು. ಮೂರು ಸಲ ಹೇಳಿದ್ದಳು ಅಮ್ಮ, ಜನ ಬಂದು ಹೋದ ಮೇಲೆ, ಮನೆ ಖಾಲಿಯಾದ ಮೇಲೆ, ಅಳದೆ, ಕಾಯಿಲೆಯ ಲಕ್ಷಣ ಡಾಕ್ಟರಿಗೆ ಹೇಳುವವಳ ಹಾಗೆ, ನಾನೇ ದಾರಿ ಬಿಟ್ಟೆನಲ್ಲೇ, ನಾನೇ ಕಾಲು ಮಡಚಿ ದಾರಿ ಬಿಟ್ಟೆನಲ್ಲೇ ಪುಟ್ಟಿ. ಅದಕ್ಕೆ ಇವಳು ಏನಂದಳು, ಅಯ್ಯೋ ಅಮ್ಮಾ ಹಾಗೆಲ್ಲ ಅನ್ಕೋಬಾರ್ದು ಅಂದಳು, ಎಲ್ಲರೂ ಅನ್ನುವುದನ್ನೇ ಅಂದಳು, ಆಮೇಲೆ ಅಮ್ಮ ಆ ಮಾತು ತೆಗೆಯಲಿಲ್ಲ. ಕುರ್ಚಿ ಅಲ್ಲೇ ಇದೆ, ಕಾಲು ನೀಡಿಕೊಂಡೇ ಕೂರುತ್ತಾಳೆ, ಇಡೀ ದಿನ ಮಡಚುವ ಪ್ರಮೇಯವೇ ಇಲ್ಲ.

ಬಲೂನು ಒಡೆಯಿತು, ತಾತ ಆಕಾಶದಿಂದ ಬಿದ್ದು ಎದ್ದು ಪೇಪರ್ ಕೇಳಿಯೂ ಆಯಿತು, ಇನ್ನು ಕೊನೆಯದು, ಸಂಘದವರಿಗೆ ಸಾಕಾಗಿ ಹೋಗಿದೆ, ಕೊಲ್ಲಲು ಹೊಸ ದಾರಿ ಹೊಳೆಯುತ್ತಿಲ್ಲ, ತಾತ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಾನೆ, ಪೇಪರ್ ಬೇಡ ಬಿಡಿ ಅನ್ನುತ್ತಾನೆ, ಪರದೆ ಕಪ್ಪಾಗುತ್ತದೆ. ಚಿತ್ರವಿಲ್ಲ, ಬರೀ ಹೆಜ್ಜೆ, ತಾತ ತಾನಾಗಿ ಕಟ್ಟಡ ಬಿಟ್ಟು ಹೋಗುತ್ತಾನೆ, ಇದನ್ನು ಕೆಲವರು ಅದ್ಭುತ ಅಂದರು, ನಿರ್ದೇಶಕನಿಗೆ ಮುಗಿಸಲು ಬರದೆ ದೀಪ ಆರಿಸಿದ ಅಂತ ಕೆಲವರು. ಟಪ್. ದೂರದಲ್ಲಿ. ಸರ್ರಕ್. ಅಭ್ಯಾಸಬಲದಿಂದ ಹಾಲ್ ನಕ್ಕಿತು, ಮುಂದಿನವನಂತೂ ಕೂಗಿಯೇ ಬಿಟ್ಟ, ಬಂದ ನೋಡ್ರೋ ಅಂತ, ಕತ್ತಲಲ್ಲಿ ಆ ನಗು ಸ್ವಲ್ಪ ದೂರ ಹೋಗಿ, ಕೂರಲು ಜಾಗ ಸಿಗದವನ ಹಾಗೆ ತಡವರಿಸಿ, ನಿಂತಿತು. ಟಪ್, ಸರ್ರಕ್, ಹತ್ತಿರ ಬರುತ್ತಿದೆ, ಹಿಂದಿನ ಸ್ಪೀಕರಿನಿಂದ ಪಕ್ಕದ್ದಕ್ಕೆ, ನಡುದಾರಿಯಲ್ಲೇ ನಡೆದುಬರುವ ಹಾಗೆ, ಇವಳು ತಲೆ ತಗ್ಗಿಸಿ ಕಾಯುತ್ತಾಳೆ, ಕಾಲಡಿಯ ದೀಪದ ಬೆಳಕಿನಲ್ಲಿ ಅಮ್ಮನ ಕಾಲು, ಬಿರುಕು ಹಿಮ್ಮಡಿ, ಅಪ್ಪ ಹೋದ ಮೇಲೂ ತೆಗೆಯದ, ಬೆಳ್ಳಿಯ ಬಣ್ಣ ಹೋದ ಕಾಲುಂಗುರ, ಈಗ ಮಡಚುತ್ತಾಳೆ, ಈಗ — ಟಪ್, ಸರ್ರಕ್ — ಮಡಚಲಿಲ್ಲ. ಅಮ್ಮಾ. ಕೇಳಿಸಲಿಲ್ಲವೇ, ನಿದ್ದೆ ಬಂತೇ, ಇಲ್ಲ, ಎಚ್ಚರವಾಗಿದ್ದಾಳೆ, ಎರಡೂ ಕೈ ಸೀಟಿನ ಹಿಡಿಯ ಮೇಲೆ ಬಿಗಿದಿದೆ, ಗಲ್ಲ ಎತ್ತಿದೆ, ಅವಳಿಗೆ ಗೊತ್ತು, ಮೊದಲ ಸಲದಿಂದಲೂ ಗೊತ್ತಿತ್ತು, ಇದಕ್ಕೇ ಬಂದದ್ದು, ಇದೊಂದಕ್ಕೆ, ಉಳಿದ ಸಲವೆಲ್ಲ ಅವನು ವಾಪಸು ಬರುತ್ತಾನೆ, ಈ ಸಲ ಹೋಗುತ್ತಾನೆ, ಇದನ್ನು ಹೋದ ವಾರವೇ ಕೇಳಿಸಿಕೊಂಡಿದ್ದಳು, ಅಭ್ಯಾಸಕ್ಕೆ ಕಾಲು ಮಡಚಿಬಿಟ್ಟಿದ್ದಳು, ಅಪ್ಪನಿಗೆ ಎರಡನೆಯ ಸಲವೂ ದಾರಿ ಬಿಟ್ಟುಬಿಟ್ಟಿದ್ದಳು. ಟಪ್, ತೀರ ಹತ್ತಿರ, ಸರ್ರಕ್, ಅಮ್ಮ ಕಾಲನ್ನು ಇನ್ನೂ ಮುಂದಕ್ಕೆ ನೀಡುತ್ತಾಳೆ, ಮಂಡಿ ನಡುಗುತ್ತಿದೆ, ನೋವಾಗುತ್ತಿರಬೇಕು, ಇಕ್ಕಟ್ಟಾದ ನಡುದಾರಿಯ ಆಚೆ ಬದಿಯ ಸೀಟಿಗೆ ತಾಗುವ ತನಕ ನೀಡುತ್ತಾಳೆ, ಟಪ್ — ಮತ್ತು ಇಲ್ಲಿ ಹೆಜ್ಜೆ ನಿಲ್ಲುತ್ತದೆ, ನಿಂತಿತ್ತು, ಸ್ಟುಡಿಯೋದಲ್ಲಿ ಇವಳೇ ನಿಂತಿದ್ದಳು, ಕತ್ತಲಲ್ಲಿ ಆ ಚಪ್ಪಲಿಯಲ್ಲಿ ಇನ್ನೊಂದು ಹೆಜ್ಜೆ ಇಡಲಾಗದೆ, ಅವರು ಅದನ್ನು ಕತ್ತರಿಸದೆ ಹಾಗೇ ಬಿಟ್ಟರು, ಹೋದ ವಾರ ನಗುವಿನಲ್ಲಿ ಯಾರಿಗೂ ಕೇಳಿಸದ ಆ ನಿಲುಗಡೆ, ಅದು ಮುಗಿಯುತ್ತದೆ, ಇನ್ನೊಂದು ಉಸಿರಿಗೆ ಮುಗಿಯುತ್ತದೆ, ಎಳೆದುಕೊಂಡು ಮುಂದಕ್ಕೆ ಹೋಗೇ ಹೋಗುತ್ತದೆ, ಇವಳಿಗೆ ಗೊತ್ತು, ಇವಳೇ ನಡೆದದ್ದು, ಆದರೆ ಈಗ ನಿಂತಿದೆ, ಅಮ್ಮನ ಮುಂದೆ ನಿಂತಿದೆ, ಯಾರೂ ನಗುತ್ತಿಲ್ಲ, ಕಾಲುಗಳು, ಪುಟ್ಟ ದೀಪದ ಮುಂದೆ ಅಮ್ಮನ ಎರಡು ಕಾಲುಗಳು, ನಡುಗುತ್ತ, ದಾರಿಗೆ ಅಡ್ಡ, ಎರಡು ಕಾಲುಗಳು